ಮುಂಗಡವೆಂಬ ನಂಬಿಕೆಯ ಗಂಟು

ಪಟ್ಟಣಗಳಲ್ಲಿ ಬಾಡಿಗೆ ಮನೆಯಲ್ಲಿ ಬಾಳುವವರ ಬದುಕಿನಲ್ಲಿ ಎರಡು ದಿನಗಳು ಮುಖ್ಯವಾದವು. ಒಂದು, ಹೊಸ ಮನೆಯ ಒಲೆಯ ಮೇಲೆ ಹಾಲು ಉಕ್ಕಿಸುವ ದಿನ. ಇನ್ನೊಂದು, ಮನೆಯನ್ನು ತೆರವು ಮಾಡಿ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸುವ ದಿನ. ಮೊದಲನೆಯ ದಿನ ಎರಡೂ ಕಡೆಯವರ ಮುಖದಲ್ಲಿ ನಗೆಯಿರುತ್ತದೆ. ಎರಡನೆಯ ದಿನ ಅದೇ ಮುಖಗಳು ಬಿಗಿದುಕೊಂಡಿರುವುದನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು. ನಡುವಿನ ವರ್ಷಗಳಲ್ಲಿ ಬಾಡಿಗೆ ತಿಂಗಳು ತಪ್ಪದೆ ಸಂದಿರುತ್ತದೆ, ಹಬ್ಬದ ಹೋಳಿಗೆ ಮೇಲಿನ ಮನೆಗೂ ಕೆಳಗಿನ ಮನೆಗೂ ಹೋಗಿಬಂದಿರುತ್ತದೆ. ಆದರೂ ಕೊನೆಯ ದಿನ ಮನಸ್ಸು ಕಹಿಯಾಗುತ್ತದೆ. ಅದಕ್ಕೆ ಕಾರಣ ಹೆಚ್ಚಿನ ಸಂದರ್ಭಗಳಲ್ಲಿ ಒಂದೇ: ಮುಂಗಡ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಹಣವನ್ನು ಮುಂಗಡವಾಗಿ ಇರಿಸಿಕೊಳ್ಳುವುದು ಬಹುಕಾಲದ ರೂಢಿ. ಈಚಿನ ವರ್ಷಗಳಲ್ಲಿ ಕೆಲವೆಡೆ ಅದು ಐದಾರು ತಿಂಗಳಿಗೆ ಇಳಿದಿದ್ದರೂ ಹತ್ತರ ಲೆಕ್ಕ ಇನ್ನೂ ಕೇಳಿಬರುತ್ತದೆ. ಈ ಹಣಕ್ಕೆ ಬಡ್ಡಿಯಿಲ್ಲ. ಬಾಡಿಗೆದಾರನು ಬಾಕಿ ಉಳಿಸಿ ಹೋದರೆ, ಇಲ್ಲವೆ ಮನೆಗೆ ಹಾನಿ ಮಾಡಿದರೆ, ಮಾಲೀಕನಿಗೆ ನಷ್ಟವಾಗದಿರಲೆಂದು ಇರಿಸಿದ ಭದ್ರತೆ ಅದು. ಹಣ ಕೊಟ್ಟವನದು, ಇಟ್ಟುಕೊಂಡವನದು ಅದರ ಕಾವಲು ಮಾತ್ರ. ಈ ಸರಳ ಸಂಗತಿಯು ವರ್ಷಗಳು ಉರುಳಿದಂತೆ ಮರೆತುಹೋಗುತ್ತದೆ. ನಮ್ಮ ಸಂಸಾರಕ್ಕೆ ಒದಗಿದ ಒಂದು ಪ್ರಸಂಗವನ್ನು ಇಲ್ಲಿ ನಿವೇದಿಸುವುದು ಯಾರ ಮೇಲೂ ದೂರು ಹೇಳುವ ಉದ್ದೇಶದಿಂದಲ್ಲ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಬಾಡಿಗೆ ಕೊಡುವವರೂ ಇದ್ದಾರೆ, ಬಾಡಿಗೆ ಪಡೆಯುವವರೂ ಇದ್ದಾರೆ. ಇಬ್ಬರಿಗೂ ಇದರಿಂದ ಒಂದಿಷ್ಟು ಪ್ರಯೋಜನವಾದೀತೆಂಬ ನಂಬಿಕೆ ನನ್ನದು.

ದಾವಣಗೆರೆಯ ಕಡೆಯವರಾದ ನಾವು ಮಗನ ಉದ್ಯೋಗದ ನಿಮಿತ್ತ ಬೆಂಗಳೂರಿಗೆ ಬಂದು, ನಗರದ ಪಶ್ಚಿಮ ಭಾಗದ ಒಂದು ಬಡಾವಣೆಯಲ್ಲಿ 2016ರ ಜೂನ್ ತಿಂಗಳಿನಿಂದ 2022ರ ಏಪ್ರಿಲ್ ಕೊನೆಯವರೆಗೆ ಒಂದೇ ಮನೆಯಲ್ಲಿ ವಾಸವಾಗಿದ್ದೆವು. ಮನೆ ಎರಡನೆಯ ಮಹಡಿಯಲ್ಲಿತ್ತು. ಮಾಲೀಕರ ಸಂಸಾರ ನೆಲಮಟ್ಟದಲ್ಲಿತ್ತು. ಅವರೂ ನಮ್ಮಂತೆಯೇ ಇಷ್ಟಲಿಂಗ ಪೂಜೆಯ ಮನೆತನದವರು. ಶ್ರಾವಣದ ಸೋಮವಾರಗಳಲ್ಲಿ ಜಂಗಮರನ್ನು ಕರೆದು ಪ್ರಸಾದ ಮಾಡಿಸುವ ಪದ್ಧತಿಯನ್ನು ಬಿಡದೆ ನಡೆಸಿಕೊಂಡು ಬಂದವರು. ಮನೆಗೆ ಸೇರುವಾಗ ಬಾಡಿಗೆ ತಿಂಗಳಿಗೆ 15,000 ರೂಪಾಯಿ, ಮುಂಗಡ 1,50,000 ರೂಪಾಯಿ. ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆದು, ಅವಧಿ ತೀರಿದಾಗಲೆಲ್ಲ ಹೊಸದು ಮಾಡಿಕೊಳ್ಳುತ್ತಿದ್ದೆವು. ಒಂದು ವರ್ಷಕ್ಕೆ ಮೀರಿದ ಅವಧಿಯ ಗೇಣಿ ಅಥವಾ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕಾದುದರಿಂದ ಈ ಹನ್ನೊಂದು ತಿಂಗಳ ರೂಢಿ ಬಂದಿದೆ. ಕರಾರಿನಲ್ಲಿ, ಮನೆ ಬಿಡುವಾಗ ಬಣ್ಣದ ಖರ್ಚಿಗಾಗಿ ಒಂದು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳತಕ್ಕದ್ದೆಂದು ಸ್ಪಷ್ಟವಾಗಿ ಬರೆದಿತ್ತು.

ನಮ್ಮ ಮನೆಯವರ ಮೊಣಕಾಲಿನ ನೋವು ಹೆಚ್ಚಾಗಿ ಎರಡು ಮಹಡಿಯ ಮೆಟ್ಟಿಲು ಹತ್ತುವುದು ದುಸ್ತರವಾದುದರಿಂದ, ನೆಲಮಟ್ಟದ ಮನೆಯೊಂದನ್ನು ಹುಡುಕಿ, ಎರಡು ತಿಂಗಳು ಮುಂಚಿತವಾಗಿಯೇ ತಿಳಿಸಿ, ಹಳೆಯ ಮನೆಯನ್ನು ಬಿಟ್ಟೆವು. ಹೊಸ ಮನೆಗೆ 2,00,000 ರೂಪಾಯಿ ಮುಂಗಡ ಕೊಡಬೇಕಾಗಿತ್ತು. ಹಳೆಯ ಮುಂಗಡ ಕೈಗೆ ಬರುವ ಮುನ್ನವೇ ಹೊಸದನ್ನು ಕೊಡಬೇಕಾದದ್ದು ಬಾಡಿಗೆದಾರರೆಲ್ಲರ ಪಾಡು. ಕೂಡಿಟ್ಟಿದ್ದ 50,000ಕ್ಕೆ, ನನ್ನ ಎರಡು ಜೊತೆ ಬಳೆಗಳನ್ನು ಸಹಕಾರ ಸಂಘದಲ್ಲಿ ಅಡವಿಟ್ಟು ತಂದ 1,50,000ವನ್ನು ಸೇರಿಸಿ ಒಪ್ಪಿಸಿದೆವು. ಶೇಕಡ 12ರ ಬಡ್ಡಿ. ತಿಂಗಳಿಗೆ 1,500 ರೂಪಾಯಿ. ಹಳೆಯ ಮುಂಗಡ ಬಂದೊಡನೆ ಬಳೆಗಳನ್ನು ಬಿಡಿಸಿಕೊಳ್ಳೋಣವೆಂಬುದು ನಮ್ಮ ಲೆಕ್ಕವಾಗಿತ್ತು.

ಬೀಗದ ಕೈ ಕೊಟ್ಟ ಹತ್ತು ದಿನಗಳ ಬಳಿಕ ಮಾಲೀಕರು ಒಂದು ಪಟ್ಟಿಯನ್ನು ಕಳುಹಿಸಿದರು. ಬಣ್ಣಕ್ಕೆ 42,000, ಅಡಿಗೆಮನೆಯ ಗೋಡೆಯ ಬಿಲ್ಲೆಗಳಿಗೆ 12,000, ಸ್ನಾನದ ಮನೆಯ ಕೊಳವೆ ಮತ್ತು ನಲ್ಲಿಗಳಿಗೆ 9,000, ಮುಂಬಾಗಿಲ ದುರಸ್ತಿಗೆ 6,500, ಶುಚಿ ಮಾಡಿಸಿದ್ದಕ್ಕೆ 3,500. ಒಟ್ಟು 73,000 ರೂಪಾಯಿ. ಉಳಿದ 77,000ವನ್ನು ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುವುದಾಗಿ ಕೆಳಗೆ ಬರೆದಿದ್ದರು. ಓದಿದ ಕೂಡಲೇ ನಮ್ಮ ಮನೆಯವರು ಕನ್ನಡಕ ತೆಗೆದಿಟ್ಟು ಸುಮ್ಮನೆ ಕುಳಿತುಬಿಟ್ಟರು. ಮಗನು ಕೆರಳಿ, ವಕೀಲರಿಂದ ನೋಟೀಸು ಕೊಡಿಸೋಣವೆಂದನು. "ಆರು ವರ್ಷ ಅವರ ನೆರಳಿನಲ್ಲಿದ್ದೇವಪ್ಪಾ, ಮೊದಲು ಮಾತನಾಡೋಣ," ಎಂದು ತಂದೆ ತಡೆದರು.

ಮಾತನಾಡಲು ಹೋದಾಗ ಮಾಲೀಕರು ಆಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ನೀವೇನು ಹೊರಗಿನವರೇ? ನಮ್ಮವರೇ ಅಲ್ಲವೇ? ನಮ್ಮನಮ್ಮಲ್ಲಿ ಇಷ್ಟು ಲೆಕ್ಕ ಏಕೆ?" ಮನೆಗೆ ಸೇರುವಾಗಲೂ ಇದೇ ಮಾತನ್ನು ಆಡಿದ್ದರು. ಅಂದು ಅದು ಪ್ರೀತಿಯ ಮಾತಾಗಿತ್ತು. ಇಂದು ಬಾಯಿ ಮುಚ್ಚಿಸುವ ಮಾತಾಗಿತ್ತು. ನಮ್ಮವರು ಎಂಬ ಪದಕ್ಕೆ ಎಷ್ಟು ತೂಕವಿದೆಯೆಂಬುದು ಹಣ ಮರಳಿಸುವ ಹೊತ್ತಿನಲ್ಲಿಯೇ ತಿಳಿಯುವುದು. ಹೊರಗಿನವರೊಡನೆ ಲೆಕ್ಕ ತಪ್ಪಿದರೆ ಹೋಗುವುದು ಹಣ. ನಮ್ಮವರೊಡನೆ ತಪ್ಪಿದರೆ ಹಣದ ಜೊತೆಗೆ ಬಾಂಧವ್ಯವೂ ಹೋಗುತ್ತದೆ. ಹಾಗಾಗಿ ನಮ್ಮನಮ್ಮಲ್ಲಿಯೇ ಲೆಕ್ಕ ಹೆಚ್ಚು ಚೊಕ್ಕವಾಗಿರಬೇಕಾದುದು ನ್ಯಾಯ.

ಮೇ ಕಳೆಯಿತು, ಜೂನ್ ಕಳೆಯಿತು. ಆ ದಿನಗಳಲ್ಲಿ ಸಿಡ್ನಿ ನಗರದಲ್ಲಿರುವ ನನ್ನ ತಂಗಿಯ ಮಗಳು ದೂರವಾಣಿಯಲ್ಲಿ ಕ್ಷೇಮ ವಿಚಾರಿಸುತ್ತ ಈ ಸಂಗತಿಯನ್ನು ಕೇಳಿ ಅಚ್ಚರಿಪಟ್ಟಳು. "ದೊಡ್ಡಮ್ಮ, ನಿಮ್ಮ ಹಣ ಅವರ ಕೈಯಲ್ಲಿ ಯಾಕಿರಬೇಕು?" ಎಂದು ಕೇಳಿದಳು. ಅವಳಿರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಈ ಮುಂಗಡಕ್ಕೆ ಬಾಂಡ್ ಎಂದು ಹೆಸರು. ಅದು ನಾಲ್ಕು ವಾರಗಳ ಬಾಡಿಗೆಯನ್ನು ಮೀರುವಂತಿಲ್ಲ. ಮಾಲೀಕನು ಅದನ್ನು ತನ್ನಲ್ಲಿ ಉಳಿಸಿಕೊಳ್ಳುವಂತೆಯೂ ಇಲ್ಲ. ಸರಕಾರದ ಬಳಿ ಠೇವಣಿ ಇಡಬೇಕು. ಇದಕ್ಕಾಗಿ ಅಲ್ಲಿ 1977ರಲ್ಲಿಯೇ ಕಾನೂನು ಮಾಡಿ ಒಂದು ಮಂಡಳಿಯನ್ನು ರಚಿಸಿದ್ದಾರೆ. ಮನೆಗೆ ಸೇರುವಾಗ ಕೋಣೆ ಕೋಣೆಯ ಸ್ಥಿತಿಯನ್ನು ಒಂದು ವರದಿಯಲ್ಲಿ ನಮೂದಿಸುತ್ತಾರೆ. ಬಿಡುವಾಗ ಅದೇ ವರದಿಯನ್ನು ಮುಂದಿಟ್ಟುಕೊಂಡು ತಾಳೆ ನೋಡುತ್ತಾರೆ. ಇಬ್ಬರೂ ಒಪ್ಪಿದರೆ ಹಣ ಬಿಡುಗಡೆಯಾಗುತ್ತದೆ. ಒಪ್ಪದಿದ್ದರೆ ನ್ಯಾಯಮಂಡಳಿ ತೀರ್ಮಾನಿಸುತ್ತದೆ. ಅಲ್ಲಿಯೂ ಜಗಳಗಳು ಇಲ್ಲದಿಲ್ಲವೆಂದು ಅವಳೇ ಹೇಳಿದಳು. ಆದರೆ ಜಗಳ ಮುಗಿಯುವವರೆಗೆ ಹಣವು ಮೂರನೆಯವರ ಬಳಿ ಭದ್ರವಾಗಿರುತ್ತದೆ; ಅದು ಖರ್ಚಾಗಿ ಹೋಗಿದೆಯೆಂಬ ಮಾತು ಬರುವುದಿಲ್ಲ. ಅವಳ ಈ ಮಾತು ಆಗ ನನಗೆ ಪೂರ್ತಿ ಅರ್ಥವಾಗಲಿಲ್ಲ. ಕೆಲವೇ ದಿನಗಳಲ್ಲಿ ಅರ್ಥವಾಯಿತು.

ಹಳೆಯ ಮನೆಯ ಬೀದಿಯಲ್ಲಿ ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರೊಬ್ಬರಿದ್ದರು. ಎರಡೂ ಸಂಸಾರಗಳಿಗೆ ಬೇಕಾದವರು. ವಿಷಯ ತಿಳಿದು, ಜುಲೈ ತಿಂಗಳ ಒಂದು ಭಾನುವಾರ ಇಬ್ಬರನ್ನೂ ಆ ಮನೆಗೆ ಕರೆದರು. ಕುರ್ಚಿ ಹಾಕಿಕೊಂಡು ಪಂಚಾಯತಿ ಮಾಡುವ ಬದಲು ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೋಣೆಯಿಂದ ಕೋಣೆಗೆ ನಡೆದರು. "ಹಾಳಾದದ್ದಕ್ಕೆಲ್ಲ ಒಂದೇ ಕಾರಣ ಇರೋದಿಲ್ಲ. ಕೆಲವು ಕಾಲ ಮಾಡಿದ್ದು, ಕೆಲವು ಕಟ್ಟಡ ಮಾಡಿದ್ದು, ಕೆಲವು ಕೈ ಮಾಡಿದ್ದು. ಬಾಡಿಗೆದಾರರು ಕೊಡಬೇಕಾದದ್ದು ಕೈ ಮಾಡಿದ್ದಕ್ಕೆ ಮಾತ್ರ," ಎಂದು ಮೊದಲೇ ಹೇಳಿದರು.

ಇದು ಅವರ ಸ್ವಂತ ನ್ಯಾಯವಲ್ಲ, ನಮ್ಮ ದೇಶದ ಕಾನೂನಿನದೇ ಆಶಯವೆಂಬುದನ್ನು ಅವರು ವಿವರಿಸಿದರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಪ್ರಕರಣವು, ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಮರಳಿಸಬೇಕೆಂದು ಹೇಳುತ್ತದೆ. ಆದರೆ ಸಹಜವಾದ ಸವೆತವನ್ನೂ ತಡೆಯಲಾಗದ ಶಕ್ತಿಗಳಿಂದ ಆದ ಹಾನಿಯನ್ನೂ ಅದರಿಂದ ಹೊರಗಿಡುತ್ತದೆ. ಕೇಂದ್ರ ಸಚಿವ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪ್ರತಿಯೂ ಅವರ ಬಳಿ ಇತ್ತು. ವಾಸದ ಮನೆಗೆ ಮುಂಗಡವು ಎರಡು ತಿಂಗಳ ಬಾಡಿಗೆಯನ್ನು ಮೀರಕೂಡದೆಂದು ಅದರಲ್ಲಿದೆ. ಕರಾರಿನಲ್ಲಿ ಬೇರೆ ರೀತಿ ಒಪ್ಪದಿದ್ದಲ್ಲಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗಳ ಬಣ್ಣ, ನೀರಿನ ಕೊಳವೆಗಳ ಬದಲಾವಣೆ, ವಿದ್ಯುತ್ ತಂತಿಗಳ ಕೆಲಸ ಇವು ಮಾಲೀಕನ ಪಾಲಿಗೆ. ನಲ್ಲಿ, ಸ್ವಿಚ್ಚು, ಬೀಗ, ಕಿಟಕಿಯ ಗಾಜು ಇಂಥವು ಬಾಡಿಗೆದಾರನ ಪಾಲಿಗೆ ಎಂದು ಪಟ್ಟಿಯನ್ನೇ ಕೊಟ್ಟಿದ್ದಾರೆ. ಅದು ಕೇಂದ್ರವು ರಾಜ್ಯಗಳಿಗೆ ಕಳುಹಿಸಿದ ಮಾದರಿ; ರಾಜ್ಯವು ತನ್ನದೇ ಶಾಸನವಾಗಿ ತಂದರಷ್ಟೇ ಅದಕ್ಕೆ ಬಲ. "ಇದು ನಿಮ್ಮ ಮೇಲೆ ಕಡ್ಡಾಯ ಅಂತ ನಾನು ಹೇಳೋದಿಲ್ಲ. ನ್ಯಾಯ ಯಾವ ಕಡೆಗಿದೆ ಅನ್ನೋದನ್ನು ತೋರಿಸೋದಕ್ಕೆ ಇದೊಂದು ದಾರಿ," ಎಂದರು.

ಬಣ್ಣದ ಮಾತು ಮೊದಲು ಬಂದಿತು. ಕರಾರಿನಲ್ಲಿಯೇ ಒಂದು ತಿಂಗಳ ಬಾಡಿಗೆಯೆಂದು ಇದ್ದುದರಿಂದ, ಕೊನೆಯ ತಿಂಗಳ ಬಾಡಿಗೆಯಾದ 18,500 ರೂಪಾಯಿಗೆ ಅದು ನಿಂತಿತು. ಅಡಿಗೆಮನೆಯ ಬಿಲ್ಲೆಗಳು ಉಬ್ಬಿದ್ದುದು ಮೇಲಿನ ನೀರಿನ ತೊಟ್ಟಿಯಿಂದ ಇಳಿದ ತೇವದಿಂದ. ಅದು ಕಟ್ಟಡ ಮಾಡಿದ್ದು. ಸ್ನಾನದ ಮನೆಯ ಗೋಡೆಯೊಳಗಿನ ಕೊಳವೆಗೆ ತುಕ್ಕು ಹಿಡಿದಿತ್ತು. ಅದು ಕಾಲ ಮಾಡಿದ್ದು. ನಲ್ಲಿಗಳಿಗಾದ 2,500 ಮಾತ್ರ ನಮ್ಮ ಪಾಲಿಗೆ ಬಂದಿತು. ಮುಂಬಾಗಿಲು ಮಳೆಗಾಲದಲ್ಲಿ ಊದಿಕೊಂಡಿತ್ತು. ಅದರ ಬೀಗಕ್ಕೆ 1,000 ರೂಪಾಯಿ ನಮ್ಮದಾಯಿತು. ಬಿಡುವ ದಿನ ಮನೆಯನ್ನು ತೊಳೆದು, ಕೋಣೆಗಳ ಚಿತ್ರಗಳನ್ನು ಮಗನು ತೆಗೆದಿಟ್ಟಿದ್ದುದರಿಂದ ಶುಚಿಯ ಬಾಬತ್ತು ಬಿದ್ದುಹೋಯಿತು. ಮುರಿದುಕೊಳ್ಳಬೇಕಾದದ್ದು ಒಟ್ಟು 22,000, ಮರಳಿಸಬೇಕಾದದ್ದು 1,28,000. ಗಂಟೆಗಟ್ಟಲೆ ಕೂಗಾಡಿದರೂ ತೀರದಿದ್ದುದು ಅರ್ಧ ಗಂಟೆಯ ನಡಿಗೆಯಲ್ಲಿ ತೀರಿತು.

ಆದರೆ ಮಾಲೀಕರು ಕಾಗದವನ್ನು ನೋಡುತ್ತ ಮೌನವಾಗಿ ನಿಂತರು. ಬಹಳ ಹೊತ್ತಿನ ಬಳಿಕ, "ಲೆಕ್ಕ ಸರಿ. ಆದರೆ ಹಣ ನನ್ನ ಹತ್ತಿರ ಇಲ್ಲ," ಎಂದರು. 2021ರಲ್ಲಿ ಕೋವಿಡ್ ಎರಡನೆಯ ಅಲೆ ಬಂದಾಗ ಅವರ ಅಣ್ಣನವರು ಆಸ್ಪತ್ರೆ ಸೇರಿದ್ದರು. ಇದ್ದುದನ್ನೆಲ್ಲ ಖರ್ಚು ಮಾಡಿದರು. ನಮ್ಮ ಮುಂಗಡವೂ ಅದರಲ್ಲಿ ಹೋಗಿತ್ತು. ಅಣ್ಣ ಉಳಿಯಲೂ ಇಲ್ಲ. ಹೊಸಬರು ಬಂದು ಮುಂಗಡ ಕೊಟ್ಟರೆ ಅದರಿಂದ ನಮ್ಮದನ್ನು ತೀರಿಸುವುದು, ಹೊಸಬರು ಬರುವವರೆಗೆ ಕೊಡಬೇಕಾದದ್ದನ್ನು ಆದಷ್ಟು ಕಡಿಮೆ ತೋರಿಸುವುದು, ಇದೇ ಅವರಿಗೆ ಕಂಡ ದಾರಿ. ಪಟ್ಟಿ ಬೆಳೆದದ್ದು ಗೋಡೆಯ ಕೊಳೆಯಿಂದಲ್ಲ, ಪೆಟ್ಟಿಗೆ ಬರಿದಾದುದರಿಂದ ಎಂಬುದು ಆಗ ನನಗೆ ಹೊಳೆಯಿತು. ಸಿಡ್ನಿಯ ಹುಡುಗಿ ಹೇಳಿದ್ದೂ ಇದನ್ನೇ.

ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಮಾಲೀಕರ ಮಡದಿ ಆಗ ಒಳಗೆ ಬಂದರು. ಆರು ವರ್ಷಗಳಲ್ಲಿ ಅವರು ಗಂಡನ ಎದುರಿಗೆ ದನಿಯೆತ್ತಿ ಮಾತನಾಡಿದ್ದನ್ನು ನಾನು ಕಂಡಿರಲಿಲ್ಲ. "ಅದು ಅಕ್ಕನವರ ದುಡ್ಡು ರೀ. ನಮ್ಮ ಕಷ್ಟಕ್ಕೆ ಆಯಿತು, ಅಷ್ಟು ಸಾಕು. ಇನ್ನೂ ಅದನ್ನು ಮನೆಯಲ್ಲಿಟ್ಟುಕೊಂಡು ನಾನು ಲಿಂಗಪೂಜೆಗೆ ಹೇಗೆ ಕೂರಲಿ? ಬ್ಯಾಂಕಿನಲ್ಲಿರುವಷ್ಟನ್ನು ಇವತ್ತು ಕೊಡಿ. ಉಳಿದದ್ದಕ್ಕೆ ಬರುವ ತಿಂಗಳ ಚೀಟಿಯನ್ನು ನಾನೇ ಕೂಗುತ್ತೇನೆ," ಎಂದರು. ಚೀಟಿಯನ್ನು ಮುಂಚಿತವಾಗಿ ಕೂಗಿದರೆ ಎಷ್ಟು ನಷ್ಟವೆಂಬುದು ನಮ್ಮ ಹೆಣ್ಣುಮಕ್ಕಳಿಗೆ ಹೇಳಬೇಕಾಗಿಲ್ಲ. ಆ ದಿನ 50,000 ರೂಪಾಯಿ ನಮ್ಮ ಖಾತೆಗೆ ಬಂದಿತು. ಶ್ರಾವಣದ ಕೊನೆಯ ಸೋಮವಾರ ಅವರೇ ನಮ್ಮ ಹೊಸ ಮನೆಗೆ ಬಂದು, ಉಳಿದ 78,000ವನ್ನು ವಿಭೂತಿ, ಬಿಲ್ವಪತ್ರೆಯ ಜೊತೆಯಲ್ಲಿ ನನ್ನ ಕೈಗಿತ್ತರು. ತಡವಾದ ತಿಂಗಳುಗಳ ಬಡ್ಡಿಯ ಮಾತನ್ನು ನಾವು ಎತ್ತಲಿಲ್ಲ. ಆ ವಾರವೇ ಬಳೆಗಳು ಮನೆಗೆ ಬಂದವು.

ಆ ತಾಯಿಯ ಮಾತು ಕೇಳಿದಾಗ ನನಗೆ ನೆನಪಾದವಳು ಹನ್ನೆರಡನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ. ಅವಳ ಪತಿ ಮಾರಯ್ಯನವರು ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ, ಅಂದಿನ ಅಗತ್ಯಕ್ಕೆ ಮೀರಿದ್ದು ತಮಗೆ ಸಲ್ಲದು, ತಂದಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿಸಿದಳೆಂಬ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಆ ಅಕ್ಕಿ ಕದ್ದದ್ದಾಗಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಆದರೂ ತನ್ನದಲ್ಲದ್ದು ಮನೆಯೊಳಗಿದ್ದರೆ ಆ ಮನೆಯ ಪ್ರಸಾದಕ್ಕೆ ಅರ್ಥವಿಲ್ಲವೆಂದು ಅವಳು ಬಗೆದಳು. ದಾಸೋಹಕ್ಕೆ ಮೊದಲು ಕಾಯಕ ಶುದ್ಧವಾಗಿರಬೇಕೆಂಬುದು ಶರಣರ ಮಾರ್ಗ. ಮಠಕ್ಕೆ ಕಾಣಿಕೆ ಸಲ್ಲಿಸುವ ಕೈ, ಜಂಗಮರಿಗೆ ಪ್ರಸಾದ ನೀಡುವ ಕೈ, ಮನೆ ಬಿಟ್ಟು ಹೋದವರ ಮುಂಗಡವನ್ನು ಹಿಡಿದಿಟ್ಟುಕೊಂಡರೆ ಆ ಸೇವೆಗೆ ಕುಂದಾಗುವುದಿಲ್ಲವೇ ಎಂಬುದನ್ನು ನಾವು ವಿಚಾರಿಸಬೇಕು.

ಮನೆ ಬಾಡಿಗೆಗೆ ಕೊಡುವ ಬಂಧುಗಳಲ್ಲಿ ನನ್ನ ವಿನಂತಿಯಿಷ್ಟೇ. ಮುಂಗಡವನ್ನು ಸಂಸಾರದ ಖರ್ಚಿಗೆ ಬೆರೆಸದೆ ಪ್ರತ್ಯೇಕವಾಗಿ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಡಿ. ಅದರ ಬಡ್ಡಿ ನಿಮಗೇ ಇರಲಿ. ಅಸಲು ಕರೆದಾಗ ಬರುವಂತಿರಲಿ. ತೀರ ಕಷ್ಟಕಾಲದಲ್ಲಿ ಅದನ್ನು ತೆಗೆಯಬೇಕಾದರೆ, ಬಾಡಿಗೆದಾರರಿಗೆ ಮುಂಚೆಯೇ ಒಂದು ಮಾತು ತಿಳಿಸಿ. ಕಷ್ಟವನ್ನು ಹೇಳಿಕೊಂಡವರಿಗೆ ಕಾಯುವವರು ಇದ್ದಾರೆ. ಪಟ್ಟಿಯ ಮರೆಯಲ್ಲಿ ಅದನ್ನು ಮುಚ್ಚಿಟ್ಟರೆ ಕಾಯುವವರೂ ಕೆರಳುತ್ತಾರೆ. ಮುರಿದುಕೊಳ್ಳುವ ಪ್ರತಿಯೊಂದು ಬಾಬತ್ತಿಗೂ ರಸೀದಿ ತೋರಿಸಿ. ಮುಂದಿನವರ ಮುಂಗಡದಿಂದ ಹಿಂದಿನವರ ಮುಂಗಡವನ್ನು ತೀರಿಸುವ ಪದ್ಧತಿ ಒಂದಲ್ಲ ಒಂದು ದಿನ ಮನೆ ಖಾಲಿ ಬಿದ್ದಾಗ ನಿಂತೇ ನಿಲ್ಲುತ್ತದೆ.

ಬಾಡಿಗೆಗೆ ಇರುವ ಬಂಧುಗಳಿಗೂ ಹೇಳುವುದಿದೆ. ಸೇರುವ ದಿನವೇ ಮನೆಯ ಗೋಡೆ, ನಲ್ಲಿ, ಬಾಗಿಲು, ಸ್ವಿಚ್ಚುಗಳ ಸ್ಥಿತಿಯನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿಕೊಳ್ಳಿ, ಚಿತ್ರಗಳನ್ನು ತೆಗೆದಿಡಿ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ, ಅದರ ಮೊತ್ತವನ್ನೂ ಮರಳಿಸುವ ಅವಧಿಯನ್ನೂ ಬಣ್ಣದ ಖರ್ಚಿನ ಮಿತಿಯನ್ನೂ ಕರಾರಿನಲ್ಲಿ ಬರೆಯಿಸಿ. ಬಿಡುವಾಗ ಬೀಗದ ಕೈ ಕೊಡುವ ಮುನ್ನ ಮಾಲೀಕರೊಡನೆ ಕೋಣೆ ಕೋಣೆಯನ್ನು ನೋಡಿ ಬನ್ನಿ. ಕೊನೆಯ ತಿಂಗಳುಗಳ ಬಾಡಿಗೆಯನ್ನು ನಿಲ್ಲಿಸಿ ಮುಂಗಡದಲ್ಲಿ ಹಿಡಿದುಕೊಳ್ಳಿ ಎನ್ನುವವರಿದ್ದಾರೆ. ಮಾಲೀಕರ ಒಪ್ಪಿಗೆಯಿಲ್ಲದೆ ಹಾಗೆ ಮಾಡುವುದೂ ಕರಾರಿಗೆ ವಿರುದ್ಧವೇ. ನಮ್ಮ ಕೈಯಿಂದ ಆದ ಹಾನಿಯನ್ನು ಕಾಲದ ಮೇಲೆ ಹಾಕುವುದೂ ಅಷ್ಟೇ ಅನ್ಯಾಯ.

ಮಾತುಕತೆಯಿಂದ ಬಗೆಹರಿಯದಿದ್ದರೆ ಕಾನೂನಿನ ದಾರಿ ಇದ್ದೇ ಇದೆ. ಮೊದಲು ಲಿಖಿತವಾಗಿ ಕೇಳಬೇಕು, ಆಮೇಲೆ ವಕೀಲರ ನೋಟೀಸು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ನಡೆಯುವ ಲೋಕ ಅದಾಲತ್ತಿಗೆ, ದಾವೆ ಹೂಡುವ ಮುನ್ನವೇ ವ್ಯಾಜ್ಯವನ್ನು ಒಯ್ಯಬಹುದು. ಅಲ್ಲಿ ನ್ಯಾಯಾಲಯದ ಶುಲ್ಕವಿಲ್ಲ. ಹೆಣ್ಣುಮಕ್ಕಳಿಗೆ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕು ಅದೇ ಕಾಯ್ದೆಯಲ್ಲಿದೆ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ, ಸಂಕೋಚದಿಂದ ವರ್ಷಗಟ್ಟಲೆ ಸುಮ್ಮನಿರುವುದು ಒಳ್ಳೆಯದಲ್ಲ. ನ್ಯಾಯವನ್ನು ಕೇಳುವುದು ಜಗಳಗಂಟತನವೆಂದು ಭಾವಿಸಬೇಕಾದ ಕಾರಣವಿಲ್ಲ.

ಇಷ್ಟೆಲ್ಲ ಕಾನೂನುಗಳಿದ್ದರೂ, ಅಂದು ಕಾಗದದ ಮೇಲಿನ ಲೆಕ್ಕವನ್ನು ಹಣವಾಗಿ ಮರಳಿಸಿದ್ದು ಒಬ್ಬ ಗೃಹಿಣಿಯ ಮನಸ್ಸು. ಲಿಂಗಪೂಜೆಗೆ ಕುಳಿತಾಗ ಎದುರಿಗೆ ಬರಬಾರದ್ದು ಯಾವುದೆಂಬುದನ್ನು ಅವರು ಅರಿತಿದ್ದರು. ನಮ್ಮ ಮನೆಗಳಲ್ಲಿ ಬೇರೊಬ್ಬರ ಗಂಟು ಇದ್ದರೆ, ಅದು ಮುಂಗಡವಾಗಿರಲಿ, ಕೈಗಡವಾಗಿರಲಿ, ನೆರೆಯವರು ನಂಬಿ ಇಟ್ಟ ಒಡವೆಯಾಗಿರಲಿ, ಅದನ್ನು ಅವರು ಕೇಳಿ ಅಲೆಯುವ ಮುನ್ನವೇ ಮುಟ್ಟಿಸುವ ಬುದ್ಧಿಯನ್ನು ಬಸವಾದಿ ಶರಣರು ನಮಗೆಲ್ಲರಿಗೂ ಕರುಣಿಸಲಿ.